ಕೆಳಗಿನ ಮನೆಗೆ ನಾವು ಯೋಗ್ಯರಾದ ಬಗೆ

ನಮ್ಮ ಮುತ್ತಜ್ಜ ಸಾಮಾನ್ಯ ಆಸಾಮಿಯಲ್ಲ. ಕೆಸರಿನಲ್ಲಿ ಹೂತುಹೋದ ಗಾಡಿಗೆ ಒಬ್ಬನೇ ಹೆಗಲು ಕೊಟ್ಟು ದಡ ಸೇರಿಸಿದವನು. (ಗಾಡಿ ಖಾಲಿಯಿತ್ತಂತೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆಗ ಅವಳು ಹುಟ್ಟಿರಲಿಲ್ಲ. ಹುಟ್ಟಿದ್ದರೆ ಗಾಡಿಯಲ್ಲಿ ಕೂತಿರುತ್ತಿದ್ದಳು.) ಅವನ ಮಗ, ಅಂದರೆ ನಮ್ಮಜ್ಜ, ಬಾಡಿಗೆ ಮನೆ ಬದಲಿಸಿದಾಗಲೆಲ್ಲ ತಾನು ಮಾಡಿದ ಬಾಗಿಲನ್ನು ಕಳಚಿ ತಾನೇ ಹೊತ್ತುಕೊಂಡು ಹೋಗುತ್ತಿದ್ದ. ಮನೆ ಮಾಲೀಕರು ಹಿಂದೆಯೇ ಓಡಿ ಬರುತ್ತಿದ್ದರು, ಸಹಾಯಕ್ಕೇನಲ್ಲ. ಇನ್ನು ನಮ್ಮಪ್ಪ. ಒಮ್ಮೆ ಛಾವಣಿಯಿಂದ ಜಾರಿ ಬಿದ್ದು, ಜನ ಎತ್ತಲು ಬರುವಷ್ಟರಲ್ಲಿ ಮತ್ತೆ ಮೇಲೆ ಹತ್ತಿ ಕೂತು, 'ಯಾರು ಬಿದ್ದದ್ದು?' ಎಂದು ಅವರನ್ನೇ ಕೇಳಿದ್ದ.

ಇಂಥವರ ಕುಡಿ ನಾನು. ಕಸುಬು ಬಡಗಿತನ. ಶಾಲೆಯ ಒಳಗೆ ಕಾಲಿಟ್ಟವನಲ್ಲ. ಆದರೆ ಶಾಲೆಯ ಬಾಗಿಲು ಮಾಡಿದ್ದು ನಾನೇ, ಹೊರಗೆ ನಿಂತು ಕೂರಿಸಿದೆ. ಮೊಳೆ ಕಟ್ಟಿಕೊಟ್ಟ ಕಾಗದದ ಚೂರುಗಳಲ್ಲೇ ಅಕ್ಷರ ಕಲಿತೆ. ಹಾಗಾಗಿ ಲೋಕದ ಸುದ್ದಿಯೆಲ್ಲ ನನಗೆ ಗೊತ್ತು, ಅರ್ಧರ್ಧ.

ನಾವಿದ್ದದ್ದು ವಸತಿ ಮಂಡಳಿಯವರು ಕಟ್ಟಿಸಿದ ಕಟ್ಟಡದ ಮೂರನೆಯ ಮಹಡಿಯಲ್ಲಿ. ಲಿಫ್ಟಿಗೆಂದು ಬಿಟ್ಟ ಗುಂಡಿಯಲ್ಲಿ ಹಳೆಯ ಸೈಕಲ್ಲೊಂದು ಮತ್ತು ಒಂದು ಬೆಕ್ಕಿನ ಸಂಸಾರ ವಾಸವಾಗಿದ್ದವು. ನನ್ನ ಹೆಂಡತಿಗೆ ಮಂಡಿ ನೋವು. ಇಳಿದರೆ ಹತ್ತುವ ಚಿಂತೆ, ಹತ್ತಿದರೆ ಇಳಿಯುವ ಚಿಂತೆ. ಕಡೆಗೆ ಇಳಿಯುವುದನ್ನೇ ಬಿಟ್ಟಳು. ಕಿಟಕಿಯಲ್ಲಿ ನಿಂತು ಕೆಳಗಿನ ಹೆಂಗಸರ ಜೊತೆ ಮಾತಾಡುವಳು. ಅವರು ಅರ್ಧ ಕೇಳಿಸಿಕೊಂಡು ಕೆಲಸಕ್ಕೆ ಹೋಗುವರು. ಉಳಿದರ್ಧ ನನ್ನ ಪಾಲಿಗೆ ಬರುತ್ತಿತ್ತು.

ಹೀಗಿರಲು ನೆಲಮಟ್ಟದ ಸಾಲಿನಲ್ಲಿದ್ದ ದರ್ಜಿ ತನ್ನ ಮಗಳ ಮನೆಗೆ ಹೊರಟುಹೋಗಿ ಅವನ ಮನೆ ಖಾಲಿಯಾಯಿತು. ಎರಡು ಕೋಣೆ, ಮುಂದೆ ಅಂಗೈಯಗಲ ಅಂಗಳ, ಬಾಗಿಲ ಪಕ್ಕ ಒಂದು ಕಲ್ಲುಬೆಂಚು. ನನ್ನ ಹೆಂಡತಿಗೆ ಸ್ವರ್ಗ ಎಂದರೆ ಆ ಬೆಂಚು. ಇಂಥ ಮನೆಗಳಿಗೆ ಮಂಡಳಿಯವರದೊಂದು ನಿಯಮವಿದೆ: ಈಗಿರುವ ಮನೆ ಯಾರಿಗೆ ಒಗ್ಗುವುದಿಲ್ಲವೋ ಅವರಿಗೆ ಕೊಡುವುದು. ಒಗ್ಗುತ್ತದೋ ಇಲ್ಲವೋ ಎಂದು ನೋಡಲು ಕಚೇರಿಯಿಂದ ಒಬ್ಬ ಹೆಣ್ಣುಮಗಳು ಬರುತ್ತಾಳೆ. ಇಡೀ ಕಟ್ಟಡ ಅವಳನ್ನು ತಪಾಸಣೆಯಮ್ಮ ಎನ್ನುತ್ತಿತ್ತು. ಹೆಂಡತಿ ನನಗೆ ಹೇಳದೆಯೇ ಅರ್ಜಿ ಹಾಕಿಸಿ, ತಪಾಸಣೆಯ ದಿನ ಗೊತ್ತಾದ ಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡಳು.

"ನೋಡಿ, ಆಯಮ್ಮ ಬಂದಾಗ ನೀವು ಬಾಯಿ ಬಿಡಬೇಡಿ. ಮನೆ ಹೇಗಿದೆಯೋ ಹಾಗೇ ಇರಲಿ. ಬಾಗಿಲು ಕಿರುಗುಟ್ಟಲಿ, ಬಚ್ಚಲು ಜಾರಲಿ. ಎಷ್ಟು ಕೆಟ್ಟದಾಗಿ ಕಂಡರೆ ಅಷ್ಟು ಒಳ್ಳೇದು."

"ಬಡಗಿ ಮನೆ ಕೆಟ್ಟದಾಗಿ ಕಾಣಬೇಕೇನೇ?"

"ಇಷ್ಟು ವರ್ಷ ಕಂಡಿದೆಯಲ್ಲ. ಇನ್ನು ನಾಲ್ಕು ದಿನ ಕಾಣಲಿ."

ಇಷ್ಟು ಹೇಳಿ, ಮಂಡಿಯನ್ನು ವೈದ್ಯರಿಗೆ ತೋರಿಸಲು ತಂಗಿಯ ಮನೆಗೆ ಹೋದಳು. ಒಂದೇ ದಿನದಲ್ಲಿ ಇಳಿದು ಹತ್ತುವುದು ಆಗದ ಮಾತೆಂದು ಅಲ್ಲಿಯೇ ಉಳಿದಳು.

ನಾನು ಒಬ್ಬನೇ ಕೂತು ಮನೆಯನ್ನು ನೋಡಿದೆ. ಹೊರಗಿನ ಅಧಿಕಾರಿಣಿಯೊಬ್ಬಳು ಬರುತ್ತಾಳೆ. ನನ್ನ ಬಾಗಿಲು ಕಿರುಗುಟ್ಟುತ್ತದೆ. ಅವಳು ಕೇಳುತ್ತಾಳೆ: ಯಜಮಾನರ ಕಸುಬೇನು? ಆಗ ಏನೆಂದು ಹೇಳಲಿ, ಅಗಸ ಎನ್ನಲೇ? ಬರೀ ಬಾಗಿಲಿಗೆ ಎಣ್ಣೆ ಬಿಡೋಣವೆಂದು ಎದ್ದೆ. ಎಣ್ಣೆ ಬಿಟ್ಟ ಬಾಗಿಲು ಹೊಸ್ತಿಲಿಗೆ ತಾಗಿತು. ಹೊಸ್ತಿಲು ಕೆತ್ತಿದೆ. ಕೆತ್ತಿದ ಮೇಲೆ ಗೋಡೆ ಬೋಳಾಗಿ ಕಂಡಿತು. ಹಾಸಿಗೆಯಿಂದ ಬಚ್ಚಲವರೆಗೆ ಹಿಡಿದು ನಡೆಯುವಂಥ ಮರದ ಕಂಬಿ ಕೂರಿಸಿದೆ. ಬಚ್ಚಲಿಗೆ ಜಾರದ ಹಲಗೆ ಹಾಸಿದೆ. ಕೈ ಬಿಸಿಯಾಗಿತ್ತು, ಮರ ಮಿಕ್ಕಿತ್ತು. ಮೆಟ್ಟಿಲು ತಿರುಗುವ ಕಡೆಯಲ್ಲೆಲ್ಲ ಗೋಡೆಗೆ ಮಡಚುವ ಆಸನ ಹೊಡೆದೆ. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಇಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನಾನೇ ಎಂಬುದು ಆಗ ಹೊಳೆಯಲಿಲ್ಲ.

ತಪಾಸಣೆಯ ದಿನ ಬೆಳಿಗ್ಗೆ ಹೆಂಡತಿ ವಾಪಸಾದಳು. ಪ್ರತಿ ತಿರುವಿನಲ್ಲೂ ಕೂತು, ಸುಧಾರಿಸಿಕೊಂಡು, ಮಂಡಳಿಯವರಿಗೆ ಕಡೆಗೂ ಬುದ್ಧಿ ಬಂತೆಂದು ಹರಸುತ್ತ ಹತ್ತಿದಳಂತೆ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಏದುಸಿರಿಲ್ಲದೆ ಮನೆ ತಲುಪಿದಳು. ಹಾಗಾಗಿ ಬೈಯಲು ಬೇಕಾದಷ್ಟು ಉಸಿರು ಮಿಕ್ಕಿತ್ತು.

"ಬಚ್ಚಲಿಗೊಂದು ಹಿಡಿ ಹಾಕಿಕೊಡಿ ಅಂತ ಯಾವ ಕಾಲದಿಂದ ಕೇಳ್ತಿದ್ದೀನಿ. ಮರ ಒಣಗಿಲ್ಲ, ಮರ ಒಣಗಿಲ್ಲ ಅಂದಿರಿ. ಇವತ್ತು ಒಣಗಿತಾ? ಕೀಳಿ ಎಲ್ಲ."

ಕೂರಿಸಿದ್ದನ್ನು ಕೀಳುವುದು ನಮ್ಮ ವಂಶದಲ್ಲೇ ಇಲ್ಲ ಎಂದೆ. (ಅಜ್ಜನ ಬಾಗಿಲಿನ ಮಾತು ಬೇರೆ.) ಅವಳೇ ಸುತ್ತಿಗೆ ಹುಡುಕಲು ಒಳಗೆ ಹೋದಳು. ಅಷ್ಟರಲ್ಲಿ ಕೆಳಗಿನ ತಿರುವಿನಿಂದ, 'ಅಬ್ಬ, ಯಾರೋ ಪುಣ್ಯಾತ್ಮರು' ಎಂಬ ಮಾತು ಕೇಳಿಸಿತು. ತಪಾಸಣೆಯಮ್ಮ ನನ್ನ ಆಸನದಲ್ಲಿ ಕೂತಿದ್ದಳು.

ನಾನು ಬಾಯಿ ಬಿಡಲಿಲ್ಲವೆಂದು ಹೇಳುವಂತಿಲ್ಲ. ಕಂಬಿಯ ಮರ ಯಾವುದು, ಮೊಳೆಯಿಲ್ಲದೆ ಜೋಡಣೆ ಹೇಗೆ ಕೂತಿತು, ಹಲಗೆಯ ಕೆಳಗೆ ನೀರು ಹೇಗೆ ಹರಿಯುತ್ತದೆ, ಎಲ್ಲ ತೋರಿಸಿದೆ. ಹೆಂಡತಿ ಮೂಲೆಯಿಂದ ಆಗಾಗ ಒಂದು ನರಳಾಟ ಬಿಡುತ್ತಿದ್ದಳು. ನಾನು ಅದಕ್ಕಿಂತ ಜೋರಾಗಿ ಮಾತಾಡುತ್ತಿದ್ದೆ. ಬಚ್ಚಲವರೆಗೆ ಹೋಗಿ ಬನ್ನಿ ಅಮ್ಮ ಎಂದು ತಪಾಸಣೆಯಮ್ಮ ಅವಳಿಗೆ ಹೇಳಿದಳು. ಪಾಪ, ಕುಂಟಬೇಕೆಂದೇ ಹೊರಟಳು. ಆದರೆ ಕೈ ತಾನಾಗಿ ಕಂಬಿ ಹಿಡಿಯಿತು, ಕಾಲು ಕುಂಟುವುದನ್ನು ಮರೆಯಿತು. ಮದುಮಗಳ ಹಾಗೆ ಹೋಗಿ ಬಂದಳು. ಮೂರು ಮಹಡಿ ಹತ್ತುವುದು ಕಷ್ಟವಲ್ಲವೇ ಎಂದು ಪ್ರಶ್ನೆ ಬಂತು. ಹೆಂಡತಿ ಬಾಯಿ ತೆರೆಯುವ ಮೊದಲೇ ನನ್ನ ಬಾಯಿ ತೆರೆದಿತ್ತು.

"ಮೂರೇನು ತಾಯಿ, ಆರಿದ್ದರೂ ಹತ್ತುತೀವಿ."

ಈ ಕಟ್ಟಡದಲ್ಲಿ ವಯಸ್ಸಾದವರಿಗೆ ಇಷ್ಟು ಒಗ್ಗುವ ಮನೆಯನ್ನು ತಾನು ಕಂಡೇ ಇಲ್ಲ ಎಂದು ಆಕೆ ತೀರ್ಪು ಕೊಟ್ಟಳು. ನಾನು ಹಿಗ್ಗಿ ಹೀರೇಕಾಯಿಯಾದೆ. ಆಕೆ ಮೆಟ್ಟಿಲಿಳಿದ ಮೇಲಷ್ಟೇ, ಹಿಗ್ಗಿದ್ದು ತಪ್ಪು ಜಾಗದಲ್ಲಿ ಎಂದು ಹೆಂಡತಿಯ ಮುಖದಲ್ಲಿ ಓದಿಕೊಂಡೆ.

ದರ್ಜಿಯ ಮನೆ ನಮ್ಮ ಎದುರು ಬಾಗಿಲಿನ ಕಹಳೆಯವನಿಗೂ ಅವನ ತಾಯಿಗೂ ಹೋಯಿತು. ಅವನು ಮದುವೆ ಮೆರವಣಿಗೆಗಳಲ್ಲಿ ಕಹಳೆ ಊದುವವನು. ಮನೆಯಲ್ಲಿ ಒಂದು ಮೊಳೆ ಹೊಡೆದವನಲ್ಲ. ಅವರ ಬಾಗಿಲು ಒದ್ದರೆ ಮಾತ್ರ ಮುಚ್ಚುತ್ತಿತ್ತು, ಬಚ್ಚಲ ನೀರು ಅಡುಗೆಮನೆಗೆ ಹರಿಯುತ್ತಿತ್ತು. ಆ ಸೋಮಾರಿತನಕ್ಕೆ ಮಂಡಳಿಯವರು ಕಲ್ಲುಬೆಂಚಿನ ಬಹುಮಾನ ಕೊಟ್ಟರು.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಹೇಗೋ ಬದುಕಿಕೊಳ್ಳುತ್ತಿದ್ದೆ. ಕಿಟಕಿಯಲ್ಲಿ ನಿಂತು, ಬೆಂಚಿನ ಮೇಲೆ ಕೂತ ಕಹಳೆಯವನ ತಾಯಿಯನ್ನು ನೋಡುತ್ತಿದ್ದಳು. ಒಂದು ಸಂಜೆ ನನ್ನ ಕಡೆ ತಿರುಗದೆಯೇ ಹೇಳಿದಳು: "ಆ ಕಲ್ಲಿನ ಮೇಲೆ ಇಬ್ಬರು ಕೂರಬಹುದು." ನಾನು ಉಳಿ ಮಸೆಯುತ್ತ ಕೂತೆ. ಅದು ಮೊದಲೇ ಹರಿತವಾಗಿತ್ತು.

ಮರುವಾರ ಕಹಳೆಯವನು ಬಂದು, ದೊಡ್ಡಪ್ಪ, ನಿಮ್ಮ ಮನೆಯಲ್ಲಿರುವಂಥ ಕಂಬಿ ನಮಗೂ ಬೇಕು, ತಪಾಸಣೆಯಮ್ಮ ನಾಳೆ ಬಂದು ನೋಡುತ್ತಾಳಂತೆ ಎಂದು ಅಂಗಲಾಚಿದ. ನನ್ನ ಹೊಟ್ಟೆಯುರಿ ಒಂದು ಕಡೆ, ನನ್ನ ಕಂಬಿಯ ಕೀರ್ತಿ ಇನ್ನೊಂದು ಕಡೆ. ಕೀರ್ತಿ ಗೆದ್ದಿತು. ಮಾರನೆಯ ದಿನ ಕೆಳಗೆ ಅವನ ಅಂಗಳದಲ್ಲಿ ಉದ್ದನೆಯ ತೊಲೆಯೊಂದನ್ನು ಎತ್ತುವಾಗ ಅವನು ಒಂದು ತುದಿ ಹಿಡಿಯಲು ಬಂದ. ಊದುವವನು ಊದಬೇಕು, ಹೊರುವವನು ಹೊರಬೇಕು ಎಂದು ಅವನನ್ನು ದೂರ ನಿಲ್ಲಿಸಿದೆ. ಎತ್ತಿದೆ. ಎಲ್ಲಿಯೋ 'ಕಳಕ್' ಎಂದಿತು. ಮರ ಸೀಳಿತೇನೋ ಎಂದು ಮರವನ್ನು ನೋಡಿದೆ. ಮರ ಚೆನ್ನಾಗಿತ್ತು. ನಾನು ನೆಲದ ಮೇಲಿದ್ದೆ.

ಸುದ್ದಿ ಕಿಟಕಿಗೆ ಮುಟ್ಟಿದ್ದೇ ತಡ, ನನ್ನ ಹೆಂಡತಿ ಒಂದು ಆಸನದಲ್ಲೂ ಕೂರದೆ ಇಳಿದು ಬಂದಳು. ಅವಳ ಹಿಂದೆಯೇ ತಪಾಸಣೆಯಮ್ಮ.

"ಏನಾಯ್ತು ತಾತ?"

"ಏನಿಲ್ಲ ತಾಯಿ. ನೆಲ ಮಟ್ಟ ಇದೆಯಾ ನೋಡ್ತಿದ್ದೀನಿ."

"ಆಗಿಂದ ನೋಡ್ತಿದ್ದಾರೆ," ಎಂದಳು ಹೆಂಡತಿ. "ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ."

ತಪಾಸಣೆಯಮ್ಮ ಸ್ವಲ್ಪ ಯೋಚಿಸಿದಳು. ಇದೇ ಸಾಲಿನ ಕಡೆಯ ಮನೆ ಈ ತಿಂಗಳು ಖಾಲಿಯಾಗುತ್ತದೆ, ಇವರು ಮೂರು ಮಹಡಿ ಹತ್ತಬಲ್ಲರೇ ಎಂದು ಕೇಳಿದಳು. ನಾನು ಬಾಯಿ ತೆರೆದೆ. ನನ್ನ ಹೆಂಡತಿ ಆ ಬಾಯಿಗೆ ಒಂದು ಲೋಟ ಬಿಸಿನೀರು ಹಿಡಿದಳು. ನಾನು ಗುಟುಕರಿಸುತ್ತಿರುವಾಗ ಅವಳು ನಿಧಾನವಾಗಿ ಹೇಳಿದಳು:

"ಹತ್ತೋದಿರಲಿ ತಾಯಿ, ಮಗ್ಗುಲು ಬದಲಿಸಲಾರರು. ನನಗೇನೂ ತೊಂದರೆ ಇಲ್ಲ. ಹತ್ತುತೀನಿ, ಇಳೀತೀನಿ, ಈಗ ನೀವೇ ನೋಡಿದಿರಲ್ಲ. ಇವರದೇ ಚಿಂತೆ."

ಹೀಗೆ ಮನೆ ಸಿಕ್ಕಿತು. 'ಎದ್ದು ಓಡಾಡಲಾಗದ ವೃದ್ಧರಿರುವ ಸಂಸಾರ' ಎಂಬ ಕಾರಣಕ್ಕೆ. ಆ ವೃದ್ಧರು ಯಾರು ಎಂದು ಕಟ್ಟಡದಲ್ಲಿ ಕೇಳದವರಿಲ್ಲ. ಮನೆ ಕೈಗೆ ಬರುವವರೆಗೂ ನಾನು ಕಹಳೆಯವನ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದೆ. ಅವನು ದಿನಾ ಬೆಳಗಿನ ಜಾವ ಅಭ್ಯಾಸ ಮಾಡುತ್ತಾನೆ. ಹೊರಗೆ ಬೆಂಚಿನ ಮೇಲೆ ನನ್ನ ಹೆಂಡತಿ ಮತ್ತು ಅವನ ತಾಯಿ ಅಕ್ಕಪಕ್ಕ ಕೂತು ಮಾತಾಡುತ್ತಿದ್ದರು. ಮಾತು ನನ್ನದೇ ಎಂದು ನಗುವಿನಲ್ಲೇ ತಿಳಿಯುತ್ತಿತ್ತು.

ಸಾಮಾನೆಲ್ಲ ಹೊಸ ಮನೆ ಸೇರಿದ ದಿನ, ಕಡೆಯದಾಗಿ ನನ್ನನ್ನು ಸಾಗಿಸಲು ಬಂದರು. ಕಹಳೆಯವನು ಕುರ್ಚಿ ತಂದ, ಹಾಲಿನವನು ಹಗ್ಗ ತಂದ, ತಪಾಸಣೆಯಮ್ಮ ಕೊಡೆ ಹಿಡಿದು ನಿಂತಳು. ಹೆಂಡತಿ ಬಾಗಿಲಲ್ಲಿ ನಿಂತು, ಐದು ಮನೆ ದೂರ ಅಷ್ಟೇ, ಸುಮ್ಮನೆ ಕೂತುಕೊಳ್ಳಿ ಎಂದಳು. ನಾನು ಮಲಗಿದಲ್ಲಿಂದಲೇ ಕೈಯೆತ್ತಿ ಎಲ್ಲರನ್ನೂ ತಡೆದೆ.

"ಕುರ್ಚಿ ಅತ್ತ ಇಡಿ. ಯಾರೂ ಮುಟ್ಟಬೇಡಿ. ನನಗೆ ಯಾರ ಸಹಾಯವೂ ಬೇಡ. ನನ್ನ ಮನೆಗೆ ನಾನು ನಡೆದೇ ಹೋಗ್ತೀನಿ. ಇವತ್ತೇ ಹೋಗ್ತೀನಿ ಅಂತ ಯಾರು ಹೇಳಿದ್ದು?"