ಒಂದೇ ದಿನದಲ್ಲಿ ವಿಲೇವಾರಿಯಾದ ರಾಜೀನಾಮೆ

ರಾಜೀನಾಮೆ ಕೊಟ್ಟವನು ನಾನು. ಅದರ ಪರಿಣಾಮವನ್ನು ಅನುಭವಿಸಿದವಳು ನನ್ನ ಹೆಂಡತಿ ಹುಲಿಗೆಮ್ಮ. ಈ ಸತ್ಯವನ್ನು ಮೊದಲೇ ದಾಖಲಿಸದಿದ್ದರೆ, ಮುಂದೆ ನಾನು ಹೇಳಲಿರುವ ನನ್ನ ತ್ಯಾಗದ ಕಥೆಯನ್ನು ನೀವು ನಂಬಿಬಿಡುವ ಅಪಾಯವಿದೆ.

ಇದೇ ಎಂಬತ್ತರ ದಶಕದ ಆರಂಭದಲ್ಲಿ ನಾನು ಕೂಡ್ಲಿಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಕೇರಿಯಲ್ಲಿ ತಿಂಗಳ ಸಂಬಳ ತಂದ ಮೊದಲ ಮನುಷ್ಯ ನಾನೇ. ಅವ್ವ ನನ್ನ ನೇಮಕಾತಿ ಆದೇಶಕ್ಕೆ ಕಟ್ಟು ಹಾಕಿಸಿ ಬುದ್ಧನ ಪಟದ ಪಕ್ಕದಲ್ಲಿ ತೂಗುಹಾಕಿದ್ದಳು. ಪಟ ಆಸೆ ಬಿಡು ಎನ್ನುತ್ತಿತ್ತು. ಆದೇಶ ಪಿಂಚಣಿಯ ಆಸೆ ತೋರಿಸುತ್ತಿತ್ತು. ನಾನು ಎರಡರ ಮಾತನ್ನೂ ಕೇಳಲಿಲ್ಲ.

ನನ್ನ ಕನಸು ಒಂದು ವಾರಪತ್ರಿಕೆ. ಯಾವ ಹೋಟೆಲಿನಲ್ಲಿ ಯಾರಿಗೆ ಬೇರೆ ಲೋಟ ಇಟ್ಟಿದ್ದಾರೆ, ಯಾವ ಬಾವಿಯ ಬಳಿ ಯಾರನ್ನು ದೂರ ನಿಲ್ಲಿಸಿದ್ದಾರೆ, ಯಾವ ಶಾಲೆಗೆ ಮೇಷ್ಟ್ರು ಬರುತ್ತಿಲ್ಲ, ಕೂಡ್ಲಿಗಿಯಿಂದ ಹಡಗಲಿಯವರೆಗೆ ಎಲ್ಲವೂ ಹೆಸರು ಸಮೇತ ಅಚ್ಚಾಗಬೇಕು. ಕೊಟ್ಟೂರಿನಲ್ಲಿ ಒಬ್ಬರು, ಕಾಲಿನಿಂದ ತುಳಿದು ನಡೆಸುವ ತಮ್ಮ ಹಳೆಯ ಅಚ್ಚಿನ ಯಂತ್ರವನ್ನು ಮಾರಲು ಕೂತಿದ್ದರು. ಆದರೆ ಸರ್ಕಾರಿ ನೌಕರ ಪತ್ರಿಕೆ ನಡೆಸುವಂತಿಲ್ಲ.

ಹುಲಿಗೆಮ್ಮ ಒಂದು ದಾರಿ ತೋರಿಸಿದಳು. “ಪತ್ರಿಕಿ ನನ್ನ ಹೆಸರಿಗೆ ಮಾಡ್ರಿ. ನೌಕರಿ ನಿಮ್ಮ ಹೆಸರಿಗೆ ಇರ್ಲಿ.”

ನಾನು ಕೆರಳಿದೆ. ಇದು ಬೇನಾಮಿ ವ್ಯವಹಾರ. ಹೆಂಡತಿಯ ಹೆಸರನ್ನು ಮರೆಯಾಗಿ ಬಳಸುವುದು ಮಹಿಳೆಯರ ಶೋಷಣೆ ಎಂದು ಅರ್ಧ ಗಂಟೆ ವಿವರಿಸಿದೆ. ಆ ಅರ್ಧ ಗಂಟೆಯಲ್ಲಿ ಅವಳು ರೊಟ್ಟಿ ಬಡಿದು, ನನಗೆ ಉಣ್ಣಲಿಟ್ಟು, ತಾಟನ್ನೂ ತೊಳೆದಿದ್ದಳು.

ನಾನು ಭವಿಷ್ಯದ ಚಿಂತೆಯಿಲ್ಲದ ಮನುಷ್ಯನೇನಲ್ಲ. ನನ್ನ ಬಳಿ ಒಂದು ವೈಜ್ಞಾನಿಕ ಯೋಜನೆಯಿತ್ತು. ನಮ್ಮ ಕಚೇರಿಯಲ್ಲಿ ಒಡೆದ ನೀರಿನ ಹರವಿಯನ್ನು ಬದಲಿಸುವ ಕಡತವೇ ಎರಡು ಬೇಸಿಗೆ ಕಂಡಿತ್ತು. ಈ ಲೆಕ್ಕದಲ್ಲಿ ನನ್ನ ರಾಜೀನಾಮೆ ಅಂಗೀಕಾರವಾಗಲು ಕನಿಷ್ಠ ಒಂದು ವರ್ಷ ಬೇಕು. ಅಲ್ಲಿಯವರೆಗೆ ಸಂಬಳ ಬರುತ್ತದೆ, ಇತ್ತ ಪತ್ರಿಕೆಯ ಸಿದ್ಧತೆ ನಡೆಯುತ್ತದೆ. ಭದ್ರತೆ ಒಂದು ಕೈಯಲ್ಲಿ, ಕನಸು ಇನ್ನೊಂದು ಕೈಯಲ್ಲಿ. ಇಂಥ ಸುಲಭೋಪಾಯ ಲೋಕಕ್ಕೆ ಇದುವರೆಗೆ ಹೊಳೆಯದಿದ್ದುದಕ್ಕೆ ನನಗೆ ಲೋಕದ ಮೇಲೆ ಕನಿಕರ ಹುಟ್ಟಿತು.

ಒಂದು ಸಣ್ಣ ಸಂಗತಿಯನ್ನು ಮಾತ್ರ ನಾನು ಮರೆತಿದ್ದೆ. ಹಿಂದಿನ ವರ್ಷ ಅದೇ ಕಚೇರಿಯಲ್ಲಿ ವಿಳಂಬದ ವಿರುದ್ಧ ಹೋರಾಟ ಹೂಡಿದವನು ನಾನೇ. ‘ಕಡತ ತಡೆಯುವುದು ಜನದ್ರೋಹ’ ಎಂದು ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಯಾರ ಮೇಜಿನ ಮೇಲೆ ಯಾವ ಕಡತ ಎಷ್ಟು ದಿನದಿಂದ ಮಲಗಿದೆ ಎಂದು ಕೆಂಪು ಶಾಯಿಯಲ್ಲಿ ವಾರವಾರವೂ ಬರೆಯುತ್ತಿದ್ದೆ. ಪ್ರತಿ ವಾರ ಮೊದಲ ಸ್ಥಾನ ಹೆಡ್ ಕ್ಲಾರ್ಕ್ ವಿರೂಪಾಕ್ಷಪ್ಪನವರದು.

ಸೋಮವಾರ ಬೆಳಿಗ್ಗೆ ರಾಜೀನಾಮೆ ಬರೆದೆ. ಬಂದ ಪತ್ರಗಳಿಗೆ ನಂಬರು ಹಾಕುವ ಮೇಜು ನನ್ನದೇ ಆದ್ದರಿಂದ ನಾನೇ ಅದಕ್ಕೆ ನಂಬರು ಹಾಕಿದೆ. ಒಂದು ತಿಂಗಳು ಡ್ರಾಯರಿನಲ್ಲಿ ಇಟ್ಟುಕೊಳ್ಳಬಹುದಿತ್ತು. ಆದರೆ ಅದು ಜನದ್ರೋಹ! ಹೆಡ್ ಕ್ಲಾರ್ಕ್ ಮೇಜಿಗೆ ಕಳಿಸಿದೆ.

ವಿರೂಪಾಕ್ಷಪ್ಪನವರು ಕನ್ನಡಕ ಹಾಕಿಕೊಂಡು ಓದಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು. ಆಮೇಲೆ ಬಹಳ ಮೃದುವಾಗಿ ಕೇಳಿದರು. “ಓಬಳೇಶಪ್ಪ, ಇದನ್ನ ತಡದ್ರ ಜನದ್ರೋಹ ಆಕ್ಕತಿ, ಹೌದಲ್ರಿ?”

ತಾತ್ವಿಕವಾಗಿ ಹೌದು ಎಂದೆ.

ಅನಂತರ ನಡೆದದ್ದನ್ನು ಆಡಳಿತದ ಪವಾಡವೆಂದೇ ಕರೆಯಬೇಕು. ಪೆನ್ನು ಮುಟ್ಟಲು ಮುಹೂರ್ತ ನೋಡುತ್ತಿದ್ದವರೆಲ್ಲ ಎದ್ದುನಿಂತು ಷರಾ ಬರೆದರು. ಚಹಾ ತರಲು ಹೋದರೆ ಒಂದು ಗಂಟೆ ಕಾಣದಾಗುವ ಜವಾನ ಕಡತ ಹಿಡಿದು ಓಡಿದ. ಸಾಹೇಬರು ಹರಪನಹಳ್ಳಿಯಲ್ಲಿ ಕ್ಯಾಂಪ್ ಇದ್ದರು. ಇನ್ನು ವಾರವಾದರೂ ಸಿಕ್ಕಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ, ಸೊಂಟನೋವೆಂದು ಪಕ್ಕದ ಕೋಣೆಗೂ ಹೋಗದ ವಿರೂಪಾಕ್ಷಪ್ಪನವರು ಕಡತವನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ವಂತ ಖರ್ಚಿನಲ್ಲಿ ಬಸ್ಸು ಹತ್ತಿದರು. ಸಂಜೆಯ ಬಸ್ಸಿಗೆ ಸಹಿಯೊಂದಿಗೆ ಇಳಿದರು. ನನ್ನನ್ನು ಕೆಲಸದಿಂದ ಬಿಡುಗಡೆ ಮಾಡುವ ಆದೇಶದಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ಎಲ್ಲರೂ ಸೇರಿ ಹಾರ ಹಾಕಿ, ಮಂಡಕ್ಕಿ ಮಿರ್ಚಿ ತಿನ್ನಿಸಿದರು. ಹಾರವನ್ನು ಮಧ್ಯಾಹ್ನವೇ ತಂದು ನೀರು ಚಿಮುಕಿಸಿ ಇಟ್ಟಿದ್ದರೆಂದು ಆಮೇಲೆ ತಿಳಿಯಿತು.

ನನ್ನ ಹೋರಾಟ ಗೆದ್ದಿತ್ತು. ಅದರಲ್ಲಿ ಬಿದ್ದವನು ನಾನೊಬ್ಬನೇ.

ಹಾರದೊಂದಿಗೇ ಮನೆಗೆ ಬಂದೆ. ಹುಲಿಗೆಮ್ಮ ಶೇಂಗಾ ಸುಲಿಯುತ್ತಿದ್ದಳು. ಯಾರ ಮದುವೆಯಿಂದ ಬಂದಿರಿ ಎಂದು ಕೇಳಿದಳು. ವಿಷಯ ಹೇಳಿದೆ. ಒಂದು ವರ್ಷ ಎಂದಿದ್ದಿರಲ್ಲ ಎಂದಳು. ಹೋರಾಟಕ್ಕೆ ಜಯ ಸಿಕ್ಕಿದೆ ಎಂದೆ.

“ಹಂಗಾರ ಆ ಜಯಾನ ಒಲಿ ಮ್ಯಾಲ ಇಡ್ರಿ,” ಎಂದಳು. “ಬೇಯತೈತೇನ್ ನೋಡೋಣು.”

ಕೊಟ್ಟೂರಿನಿಂದ ಯಂತ್ರ ಎತ್ತಿನ ಗಾಡಿಯಲ್ಲಿ ಬಂತು. ಅದರ ಭಾರ ತಡೆಯುವ ನೆಲ ಅಡುಗೆಮನೆಯದು ಮಾತ್ರ. ಒಲೆ ಹಿತ್ತಿಲಿಗೆ ಹೋಯಿತು, ಅದರೊಂದಿಗೆ ಹುಲಿಗೆಮ್ಮನೂ. ನಾನು ನೆರಳಿನಲ್ಲಿ ಕೂತು ಮಹಿಳಾ ವಿಮೋಚನೆಯ ಸಂಪಾದಕೀಯಕ್ಕೆ ಅಚ್ಚಿನ ಮೊಳೆ ಜೋಡಿಸಿದೆ.

ಮೊದಲ ಸಂಚಿಕೆಯಲ್ಲಿ ಯಾರನ್ನೂ ಬಿಡಲಿಲ್ಲ. ಎರಡು ಲೋಟದ ಹೋಟೆಲು, ತೂಕ ಕಡಿಮೆ ಕೊಡುವ ಕಿರಾಣಿ ಅಂಗಡಿ, ಕಲಬೆರಕೆಯ ಎಣ್ಣೆ ಅಂಗಡಿ, ಎಲ್ಲರ ಹೆಸರನ್ನೂ ದಪ್ಪ ಅಕ್ಷರದಲ್ಲಿ ಹಾಕಿದೆ. ಮರುದಿನ ಜಾಹೀರಾತು ಕೇಳಲು ಹೊರಟಾಗ ಗೊತ್ತಾಯಿತು: ಊರಿನಲ್ಲಿ ಜಾಹೀರಾತು ಕೊಡಬಲ್ಲವರು ಇವರು ಮೂವರೇ.

ಉಳಿದದ್ದು ಲಗ್ನಪತ್ರಿಕೆಯ ಕೆಲಸ. ಹಗರಿಬೊಮ್ಮನಹಳ್ಳಿಯ ಒಬ್ಬ ಹಿರಿಯರು ಮಗನ ಮದುವೆಯದನ್ನು ತಂದರು. ಇದು ಚೆನ್ನಾಗಿ ಹೋದರೆ ಆ ಸೀಮೆಯ ಕೆಲಸವೆಲ್ಲ ನಮಗೇ ಬರುತ್ತದೆ, ಒಲೆ ಒಳಗೆ ಬರುತ್ತದೆ ಎಂದು ಹುಲಿಗೆಮ್ಮನಿಗೆ ಮಾತು ಕೊಟ್ಟೆ. ಮೊಳೆ ಜೋಡಿಸಿ ಮುಗಿಸಿದಾಗ ಬಂಧುಗಳ ಹೆಸರಿನ ಕೆಳಗೆ ಒಂದು ಸಾಲಿನ ಜಾಗ ಖಾಲಿ ಉಳಿಯಿತು. ಸಮಾಜ ಸುಧಾರಕನ ಮುಂದೆ ಖಾಲಿ ಜಾಗ ಇಡಬಾರದು! ‘ಈ ವಿವಾಹದಲ್ಲಿ ವರದಕ್ಷಿಣೆ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ’ ಎಂದು ಸೇರಿಸಿದೆ. ಯಾರನ್ನೂ ಕೇಳಲಿಲ್ಲ. ಒಳ್ಳೆಯ ಮಾತಿಗೆ ಅನುಮತಿ ಏಕೆ?

ಲಗ್ನಪತ್ರಿಕೆಯನ್ನು ನಮ್ಮ ಕಡೆ ಯಾರೂ ಪೂರ್ತಿ ಓದುವುದಿಲ್ಲ. ಮೂಲೆಗೆ ಅರಿಷಿಣ ಹಚ್ಚಿ ಹಂಚುತ್ತಾರೆ. ಅದನ್ನು ಕೊನೆಯವರೆಗೆ ಓದಿದವರು ಒಬ್ಬರೇ, ಹೆಣ್ಣಿನ ತಂದೆ. ಕುರಿ ಸಾಕಿ ಬದುಕಿದ ಆ ಮನುಷ್ಯ, ಅಳಿಯನಿಗೆಂದು ಬುಕ್ ಮಾಡಿದ್ದ ಸ್ಕೂಟರನ್ನು ರದ್ದು ಮಾಡಿಸಲು ಆ ದಿನವೇ ಹೊರಟಿದ್ದರಂತೆ.

ಬೀಗರಿಬ್ಬರೂ ನಮ್ಮ ಮನೆಗೇ ಬಂದರು. ಗಂಡಿನ ತಂದೆ ಕೂಗಾಡಿದರು. ಎಲ್ಲವನ್ನೂ ಪುಕ್ಕಟೆಯಾಗಿ ಹೊಸದಾಗಿ ಅಚ್ಚು ಹಾಕಿಕೊಡಬೇಕು, ಇಲ್ಲವಾದರೆ ಸೀಮೆಯಲ್ಲಿ ಒಬ್ಬರೂ ನಿಮ್ಮ ಮೆಟ್ಟಿಲು ಹತ್ತದಂತೆ ಮಾಡುತ್ತೇನೆ ಎಂದರು. ಹೆಣ್ಣಿನ ತಂದೆ ಪತ್ರಿಕೆಯನ್ನು ಎದೆಗೆ ಒತ್ತಿ ಹಿಡಿದು, ಅಚ್ಚಾದ ಮೇಲೆ ಮುಗಿಯಿತು ಎಂದಷ್ಟೇ ಹೇಳುತ್ತಿದ್ದರು. ನಾನು ತತ್ವಕ್ಕೆ ಅಂಟಿಕೊಂಡಿದ್ದೆ, ಮತ್ತು ಗೋಡೆಗೆ.

“ಕಾಯಂ ನೌಕರಿ ಹುಡುಗ ಅದಾನವಾ,” ಎಂದು ಗಂಡಿನ ತಂದೆ ಹುಲಿಗೆಮ್ಮನ ಕಡೆ ತಿರುಗಿದರು. “ಸ್ಕೂಟರ್ ಏನ್ ಹೆಚ್ಚಾತು?”

ಯಾವ ಕಚೇರಿ ಎಂದು ಅವಳು ಕೇಳಿದಳು. ಅವರು ಹೇಳಿದರು. ಕೂಡ್ಲಿಗಿಯದೇ. ಬಂದ ಪತ್ರಗಳಿಗೆ ನಂಬರು ಹಾಕುವ ಕೆಲಸ. ಈಚೆಗೆ ಯಾರೋ ಒಬ್ಬ ಬಿಟ್ಟುಹೋದ ಜಾಗ.

ಹುಲಿಗೆಮ್ಮ ನನ್ನತ್ತ ನೋಡಿದಳು. “ನೀವು ಕುರ್ಚಿ ಬಿಟ್ರಿ ಅಂತ ಗೊತ್ತಿತ್ತು. ಅದರ ಕಿಮ್ಮತ್ತು ಇವತ್ತು ಗೊತ್ತಾತು.”

ಆಮೇಲೆ ಅವರತ್ತ ತಿರುಗಿ ಹೇಳಿದಳು. “ಕೇಳದ ಹಾಕಿದ್ದು ನಮ್ಮ ತಪ್ಪುರಿ. ಹೊಸಾವು ಮಾಡಿ ಕೊಡ್ತೀವಿ. ‘ನಾವು ಸ್ಕೂಟರ್ ತಗಂತೀವಿ’ ಅಂತ ಒಂದು ಹಾಳಿ ಮ್ಯಾಲ ಬರ್ದು ಸಹಿ ಹಾಕ್ರಿ. ಅದನ್ನ ಹಂಗ ಅಚ್ಚು ಹಾಕ್ತೀವಿ.”

ಸರ್ಕಾರಿ ನೌಕರನ ತಂದೆ ಅಂಥ ಕಾಗದಕ್ಕೆ ಸಹಿ ಹಾಕುವುದುಂಟೇ? ಅವರು ಚಪ್ಪಲಿ ಮೆಟ್ಟಿದರು. ಮದುವೆ ನಡೆಯಿತು. ಸ್ಕೂಟರ್ ಬರಲಿಲ್ಲ.

ನಮ್ಮ ಮನೆಗೆ ಅಚ್ಚಿಗೆಂದು ಇನ್ನೊಂದು ಲಗ್ನಪತ್ರಿಕೆಯೂ ಬರಲಿಲ್ಲ. ಕೊಟ್ಟೂರಿನಿಂದ ಹಡಗಲಿಯವರೆಗೆ ಗಂಡು ಹೆತ್ತವರೆಲ್ಲ ನಮ್ಮ ಓಣಿಯನ್ನೇ ತಪ್ಪಿಸಿ ಸುತ್ತುಹಾಕಿ ಹೋಗತೊಡಗಿದರು. ಯಂತ್ರ ಮಾರಿ ಮತ್ತೆ ನೌಕರಿಗೆ ಅರ್ಜಿ ಹಾಕು ಎಂದು ಗೆಳೆಯರು ಬುದ್ಧಿ ಹೇಳಿದರು. ಹಾಕಲಿಲ್ಲ, ಹಾಕುವುದೂ ಇಲ್ಲ. ಈ ದೃಢನಿರ್ಧಾರ ಪೂರ್ತಿ ನನ್ನದೆಂದು ಹೇಳಲಾರೆ; ಕುರ್ಚಿ ಭರ್ತಿಯಾಗಿದ್ದುದೂ ಸ್ವಲ್ಪ ನೆರವಾಯಿತು.

ಕೊನೆಗೆ ಗುಡೇಕೋಟೆಯ ಬಾಲವಾಡಿಯ ಶಿಕ್ಷಕಿಯ ಕೆಲಸಕ್ಕೆ ಹುಲಿಗೆಮ್ಮನೇ ಅರ್ಜಿ ಹಾಕಿದಳು. ಎಸ್ಸೆಸ್ಸೆಲ್ಸಿಯನ್ನು ಅವಳು ಒಂದೇ ಸಲಕ್ಕೆ ಪಾಸು ಮಾಡಿದ್ದಳು. ನಾನು ಮೂರು ಸಲಕ್ಕೆ. ಮಕ್ಕಳಿಗೆ ಕಲಿಸಬೇಕೆಂಬುದು ಅವಳಿಗೆ ಹುಡುಗಿಯಾಗಿದ್ದಾಗಿನಿಂದ ಇದ್ದ ಆಸೆಯಂತೆ. ಸ್ತ್ರೀಶಿಕ್ಷಣದ ಬಗ್ಗೆ ಊರೂರಲ್ಲಿ ಭಾಷಣ ಮಾಡಿದ ನಾನು, ನಿನಗೇನು ಆಸೆ ಎಂದು ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಇದೂ ಅನ್ಯಾಯ. ಇದನ್ನೂ ಹೆಸರು ಹಿಡಿದೇ ಹೇಳಬೇಕು: ಆರೋಪಿ ಓಬಳೇಶ.

ಅರ್ಜಿಯಲ್ಲಿ ಎರಡು ಕಲಂಗಳಿದ್ದವು. ಒಂದು, ಗಂಡನ ಒಪ್ಪಿಗೆ. ಎರಡು, ಗಂಡನ ಉದ್ಯೋಗ. ನಾನು ರಾಜೀನಾಮೆ ಬರೆದಾಗ ಹೆಂಡತಿಯ ಒಪ್ಪಿಗೆಯನ್ನು ಯಾವ ಕಚೇರಿಯೂ ಕೇಳಿರಲಿಲ್ಲ. ಆದರೂ ಒಪ್ಪಿಗೆಗೆ ಸಹಿ ಹಾಕಿದೆ, ಹಿತ್ತಿಲಿನ ಒಲೆಯ ಪಕ್ಕ ಕೂತು. ಎರಡನೆಯದಕ್ಕೆ ಅರ್ಜಿ ತೆಗೆದುಕೊಳ್ಳುವ ಗುಮಾಸ್ತರು ಬಾಯಲ್ಲೇ ಕೇಳಿದರು: ಗಂಡ ಏನು ಮಾಡುತ್ತಾರೆ?

“ಮಂದಿ ತಪ್ಪು ಹುಡುಕ್ತಾರ್ರಿ,” ಎಂದಳು ಹುಲಿಗೆಮ್ಮ. “ಸಂಬಳ ಇಲ್ಲ.”

ಅವರು ಹಾಗೆಯೇ ಬರೆದುಕೊಂಡರು. ಈಗ ಅವಳು ದಿನಾಲೂ ಗುಡೇಕೋಟೆಯ ಬಸ್ಸಿಗೆ ಹೋಗಿಬರುತ್ತಾಳೆ. ಪತ್ರಿಕೆ ಅವಳ ಸಂಬಳದಲ್ಲಿ, ವಾರಕ್ಕೊಮ್ಮೆ ಅಲ್ಲದಿದ್ದರೂ, ಹೊರಬರುತ್ತಿದೆ. ನಾನು ನಿಲ್ಲಿಸುವುದಿಲ್ಲ.

ಆ ಅರ್ಜಿಯ ನಮೂನೆಯನ್ನು ಸಿದ್ಧಪಡಿಸಿದ ಅಧಿಕಾರಿಗಳಲ್ಲಿ ನನ್ನ ಬೇಡಿಕೆ ಇದು: ಹೆಣ್ಣುಮಗಳೊಬ್ಬಳು ದುಡಿಯಲು ಗಂಡನ ಒಪ್ಪಿಗೆ ಬೇಕೆನ್ನುವ ಮೊದಲ ಕಲಮನ್ನು ಕೂಡಲೇ ಕಿತ್ತುಹಾಕಬೇಕು. ಎರಡನೆಯದನ್ನೂ ತೆಗೆದರೆ ನಾನು ವೈಯಕ್ತಿಕವಾಗಿ ಋಣಿಯಾಗಿರುತ್ತೇನೆ.