ಇಂಗ್ರಿಡ್ ಮೆಟ್ಟಿಲಿಳಿದ ಪ್ರಸಂಗ

ನನ್ನ ಗಂಡ ವೆಂಡೆಲ್‌ಗೆ ಸಿನಿಮಾ ಎಂದರೆ ಏನಾದರೂ ಸಿಡಿಯಬೇಕು. ಕಾರೋ, ಸೇತುವೆಯೋ, ಏನೂ ಸಿಗದಿದ್ದರೆ ಒಂದು ಹೆಲಿಕಾಪ್ಟರಾದರೂ. ನನಗೆ ಹಾಗಲ್ಲ, ನನಗೆ ಹೈಸ್ಕೂಲು ಬೇಕು. ಉದ್ದನೆಯ ಕಾರಿಡಾರು, ಪುಸ್ತಕ ಎದೆಗವಚಿಕೊಂಡು ತಲೆ ತಗ್ಗಿಸಿ ಬರುವ ಹುಡುಗಿ, ಎದುರಿನಿಂದ ಫುಟ್‌ಬಾಲ್ ತಂಡದ ನಾಯಕ. ಡಿಕ್ಕಿ. ಪುಸ್ತಕಗಳೆಲ್ಲ ನೆಲದ ಪಾಲು. ಇಬ್ಬರೂ ಬಗ್ಗುತ್ತಾರೆ, ಕೈಗೆ ಕೈ ತಗಲುತ್ತದೆ, ನಾನು ಸೋಫಾದ ಮೇಲೆ ಪಾಪ್‌ಕಾರ್ನ್ ಬಟ್ಟಲನ್ನು ತಬ್ಬಿಕೊಳ್ಳುತ್ತೇನೆ. ಮುಂದೇನಾಗುತ್ತದೆ ಎಂದು ನನಗೆ ಗೊತ್ತು. ಗೊತ್ತಿರುವುದರಿಂದಲೇ ನೋಡುವುದು. (ಏನಾಗುತ್ತದೋ ಗೊತ್ತಿಲ್ಲದ ರೋಮಾಂಚನ ಬೇಕೆಂದರೆ ನಮ್ಮ ಮನೆಯ ವಾಟರ್ ಹೀಟರ್ ಇದ್ದೇ ಇದೆ.)

ಆ ಶಾಲೆಗಳೇ ಒಂದು ಲೋಕ. ಅಲ್ಲಿ ಯಾರೂ ಗಣಿತ ಕಲಿಯುವುದಿಲ್ಲ. ಅಲ್ಲಿನ ಮಹಾಪಾತಕಿ ಎಂದರೆ ಚೆಂದದ ಕೂದಲಿನ ಒಬ್ಬಳು ಜಂಭದ ಹುಡುಗಿ, ಅಷ್ಟೇ. ಎಂಥ ಒಡೆದ ಹೃದಯವಾದರೂ ಸರಿ, ವರ್ಷದ ಕೊನೆಯಲ್ಲಿ ಪ್ರಾಮ್ ಎಂಬ ನೃತ್ಯಕೂಟ ನಡೆಯುತ್ತದಲ್ಲ, ಅದರ ಕಡೆಯ ಹಾಡು ಮುಗಿಯುವುದರೊಳಗೆ ರಿಪೇರಿಯಾಗಿಬಿಡುತ್ತದೆ. ವೆಂಡೆಲ್ ಪಕ್ಕದಲ್ಲಿ ಕೂತು ನಾಯಕನ ಗಡ್ಡದ ಬುಡ ನೋಡಿ, "ಇವನು ಸ್ಕೂಲು ಮುಗಿಸಿ ಸೀದಾ ಪಿಂಚಣಿ ತಗೋತಾನೆ," ಎನ್ನುತ್ತಾನೆ. ಎರಡನೇ ಹಾಡಿಗೆ ಗೊರಕೆ ಶುರು.

ನಾನು ಹದಿನೇಳರವಳಿದ್ದಾಗ ಪ್ರಾಮ್ ಸಂಜೆ ನಮ್ಮಪ್ಪನ ಐಸ್‌ಕ್ರೀಮ್ ಅಂಗಡಿಯ ಕಿಟಕಿಯೊಳಗೆ ನಿಂತಿದ್ದೆ. ನನ್ನ ತರಗತಿಯವರೆಲ್ಲ ಮಿರಮಿರ ಗೌನು, ಕರಿ ಕೋಟು ಹಾಕಿಕೊಂಡು ಜೋಡಿಜೋಡಿಯಾಗಿ ಬಂದು ಕೋನ್ ತೆಗೆದುಕೊಂಡು ಹೋದರು. ನನ್ನನ್ನು ಯಾರೂ ಕರೆದಿರಲಿಲ್ಲ. ಅದೇನು ದೊಡ್ಡ ದುರಂತವಲ್ಲ ಬಿಡಿ. ಆದರೆ ಅಂದಿನಿಂದ ಈ ಸಿನಿಮಾಗಳ ನಾಯಕಿಯರೆಲ್ಲ ನನ್ನ ಪರವಾಗಿ ಹೋಗಿಬರುತ್ತಿದ್ದಾರೆ ಎಂದು ನನಗೊಂದು ಸಮಾಧಾನ.

ಇಂಥ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಕ್ಯಾಲ್ವಿನ್ ಶಾಲೆಯ ಬ್ಯಾಂಡಿನಲ್ಲಿ ಟ್ರೊಂಬೋನ್ ಊದುತ್ತಾನೆ. ಉಸಿರೆಲ್ಲ ಅಲ್ಲೇ ಖರ್ಚಾಗುವುದರಿಂದ ಮನೆಯಲ್ಲಿ ಮಾತಿಗೆ ಉಳಿಯುವುದಿಲ್ಲ. ಅವನ ಶಾಲೆಯ ಕಡೇ ವರ್ಷ, ಮೇ ತಿಂಗಳು, ಪ್ರಾಮ್ ಇನ್ನೇನು ಬಂತು. ಹುಡುಗ ಯಾರನ್ನು ಕರೆದುಕೊಂಡು ಹೋಗುತ್ತಾನೆಂಬ ಸುಳಿವೇ ಇಲ್ಲ. ಕೇಳಿದರೆ "ನೋಡೋಣಮ್ಮ," ಎಂದು ಫ್ರಿಜ್ಜಿನೊಳಗೆ ತಲೆ ತೂರಿಸುತ್ತಾನೆ. ನನ್ನ ಮಗನೂ ಕಿಟಕಿಯ ಒಳಗಡೆಯೇ ನಿಂತು ಆ ಸಂಜೆ ಕಳೆಯುತ್ತಾನೇನೋ ಎಂದು ನನಗೆ ಊಟ ಸೇರದಾಯಿತು. (ವೆಂಡೆಲ್ ಇದನ್ನು ಒಪ್ಪುವುದಿಲ್ಲ. ನಾನು ಆ ವಾರ ಎರಡು ಸಲ ಪಾಸ್ತಾ ಬಡಿಸಿಕೊಂಡದ್ದಕ್ಕೆ ಅವನೇ ಸಾಕ್ಷಿಯಂತೆ.)

ಹೀಗೆ ಕೊರಗುತ್ತ ಹಿತ್ತಲಲ್ಲಿ ಗುಲಾಬಿ ಗಿಡ ಕತ್ತರಿಸುತ್ತಿದ್ದಾಗ ಬೇಲಿಯಾಚೆ ನನಗೆ ನಾಯಕಿಯ ದರ್ಶನವಾಯಿತು. ಪಕ್ಕದ ಮನೆಯ ಗಸ್ ಹಾಲ್ವರ್ಸನ್‌ನ ಮಗಳು ಇಂಗ್ರಿಡ್. ಸೋಡಾಬುಡ್ಡಿ ಕನ್ನಡಕ, ಗಂಟು ಹಾಕಿದ ಕೂದಲಿಗೆ ಸಿಕ್ಕಿಸಿದ ಪೇಂಟ್ ಬ್ರಷ್ಷು, ಮೈಮೇಲೆ ಡಂಗರಿ ಎಂಬ ಅಪ್ಪನ ಹಳೇ ಹೆಗಲಪಟ್ಟಿ ಪ್ಯಾಂಟು, ಡಂಗರಿಯ ತುಂಬ ಬಣ್ಣದ ಕಲೆ. ಶಾಲೆಯ ನಾಟಕಗಳಿಗೆಲ್ಲ ಪರದೆ ಬರೆಯುವವಳು ಅವಳೇ. ಚಿಕ್ಕವರಿದ್ದಾಗ ಅವಳೂ ಕ್ಯಾಲ್ವಿನ್ನೂ ಒಟ್ಟಿಗೆ ಚರಂಡಿಯಲ್ಲಿ ಕಪ್ಪೆ ಹಿಡಿಯುತ್ತಿದ್ದರು. ಕನ್ನಡಕ, ಡಂಗರಿ, ಪಕ್ಕದ ಮನೆ! ಸಿನಿಮಾ ನೋಡಿದ ಯಾರಿಗಾದರೂ ಮೊದಲ ಐದು ನಿಮಿಷಕ್ಕೇ ಗೊತ್ತಾಗುತ್ತದೆ. ಇನ್ನು ಮಾಡಬೇಕಾದದ್ದು ಇಷ್ಟೇ: ಕನ್ನಡಕ ತೆಗೆಸಬೇಕು, ಕೂದಲು ಬಿಚ್ಚಿಸಬೇಕು, ಗೌನು ತೊಡಿಸಿ ಮೆಟ್ಟಿಲು ಇಳಿಸಬೇಕು. ಕೆಳಗೆ ನಿಂತ ಹುಡುಗ ಬಾಯಿ ಬಿಟ್ಟುಕೊಂಡು ನೋಡುತ್ತಾನೆ. ಪ್ರಾಮ್ ಇದ್ದಲ್ಲಿ ಪ್ರೇಮ ತಾನಾಗಿ ಬರುತ್ತದೆ.

ವೆಂಡೆಲ್‌ಗೆ ಯೋಜನೆ ವಿವರಿಸಿದೆ.

"ಆ ಹುಡುಗಿ ಇರೋ ಹಾಗೇ ಚೆನ್ನಾಗಿದಾಳಲ್ಲ ಡೋರೀನ್."

"ಅದು ನನಗೆ ಗೊತ್ತು, ನಿನಗೆ ಗೊತ್ತು. ನಿನ್ನ ಮಗನಿಗೆ ಗೊತ್ತಾಗೋದು ಬೇಡ್ವಾ?"

ಅವನು ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿದ. ನಮ್ಮ ದಾಂಪತ್ಯ ಇಷ್ಟು ಸುಗಮವಾಗಿ ನಡೆದಿರುವುದು ಅವನ ಈ ಕಲೆಯಿಂದಲೇ ಎಂದು ನಾನು ಸಂತೋಷಪಟ್ಟೆ.

ಭಾನುವಾರ ಮಧ್ಯಾಹ್ನ ಇಂಗ್ರಿಡ್‌ಳನ್ನು ಕರೆಸಿದೆ. ನನ್ನ ತಂಗಿಯ ಮಗಳ ಗೌನಿನ ಅಂಚು ಹೊಲಿಯಬೇಕಾಗಿದೆ, ಅವಳದೂ ನಿನ್ನದೂ ಒಂದೇ ಎತ್ತರ, ಒಂದು ಗಳಿಗೆ ಹಾಕಿಕೊಂಡು ನಿಲ್ಲುತ್ತೀಯಾ ಎಂದು ಸುಳ್ಳು ಹೇಳಿದೆ. ಪಾಪದ ಹುಡುಗಿ, ಒಪ್ಪಿಕೊಂಡಳು. ಅಂಚಿನ ಜೊತೆಗೆ ಕೂದಲನ್ನೂ ಸುರುಳಿ ಮಾಡಿದೆ, ತುಟಿಗೆ ಬಣ್ಣ ಹಚ್ಚಿದೆ. ಗೌನಿನ ಅಂಚಿಗೂ ತುಟಿಗೂ ಏನು ಸಂಬಂಧ ಎಂದು ಅವಳು ಕೇಳಲಿಲ್ಲ. ಆಮೇಲೆ ಕನ್ನಡಕ ತೆಗೆದು ನನ್ನ ಏಪ್ರನ್ ಜೇಬಿಗೆ ಹಾಕಿಕೊಂಡೆ. ಕೆಳಗೆ ಕ್ಯಾಲ್ವಿನ್‌ನನ್ನು ಮೆಟ್ಟಿಲ ಬುಡದಲ್ಲಿ ನಿಲ್ಲಿಸಿಕೊಳ್ಳುವುದು ವೆಂಡೆಲ್‌ನ ಜವಾಬ್ದಾರಿ. ಹಾಲ್‌ನ ದೀಪದ ಬಲ್ಬು ಬದಲಾಯಿಸುವ ನೆಪದಲ್ಲಿ ಅವನು ಏಣಿ ಹತ್ತಿದ್ದ, ಮಗ ಏಣಿ ಹಿಡಿದಿದ್ದ.

ಮೆಟ್ಟಿಲ ತುದಿಯಲ್ಲಿ ಇಂಗ್ರಿಡ್ ನಿಂತುಬಿಟ್ಟಳು.

"ಮಿಸೆಸ್ ಟಿಲ್ಮನ್, ಕನ್ನಡಕ ಇಲ್ದಿದ್ರೆ ನನಗೆ ಮೆಟ್ಟಿಲು ಕಾಣಲ್ಲ."

"ಮೆಟ್ಟಿಲು ಯಾಕೆ ನೋಡ್ತೀಯ? ಎದುರಿಗೆ ನೋಡು. ಅಲ್ಲೊಬ್ರು ನಿಂತಿರ್ತಾರೆ."

"ಯಾರು?"

"ನೋಡಿದ್ರೆ ಗೊತ್ತಾಗುತ್ತೆ."

"ಅದೇ ಹೇಳ್ತಿರೋದು, ಕಾಣಲ್ಲ."

ನಾನು ಮೆಲ್ಲಗೆ ಬೆನ್ನು ತಟ್ಟಿದೆ. (ತಳ್ಳಿದೆ ಎಂದು ವೆಂಡೆಲ್ ಹೇಳುತ್ತಾನೆ. ನಂಬಬೇಡಿ.) ಹುಡುಗಿ ಗೌನಿನ ತುದಿ ಎತ್ತಿಕೊಂಡು ರಾಜಕುಮಾರಿಯಂತೆ ಇಳಿದಳು. ಮಧ್ಯದಲ್ಲಿ ತಲೆಯೆತ್ತಿ, ಕೋಟು ನೇತುಹಾಕುವ ಸ್ಟ್ಯಾಂಡಿಗೆ ಒಂದು ಮುಗುಳ್ನಗೆ ಕೊಟ್ಟಳು. ನನ್ನ ಕಣ್ಣಲ್ಲಿ ನೀರು ಬಂತು. ನೀರು ಒರೆಸಿಕೊಂಡು ನೋಡುವಷ್ಟರಲ್ಲಿ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಇಂಗ್ರಿಡ್ ಏಣಿಗೆ ಬಡಿದು, ಏಣಿ ವೆಂಡೆಲ್‌ನನ್ನು ಬಿಟ್ಟುಕೊಟ್ಟು, ಅವನು ಬಲ್ಬಿನ ಸಮೇತ ಕೆಳಗಿಳಿದಿದ್ದ. ಕೊನೆಗೂ ಅವನ ಇಷ್ಟದಂತೆ ಏನೋ ಒಂದು ಸಿಡಿಯಿತು.

ವೆಂಡೆಲ್‌ಗೆ ಏನೂ ಆಗಲಿಲ್ಲ. ಇಂಗ್ರಿಡ್‌ಳ ಪಾದ ನೋಡನೋಡುತ್ತಲೇ ಬನ್ನಿನಂತೆ ಉಬ್ಬಿತು. ನಾನು ಪಶುವೈದ್ಯರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟು. ನಾಯಿಯ ಕಾಲಾಗಿದ್ದರೆ ಏನು ಮಾಡಬೇಕೆಂದು ಗೊತ್ತಿತ್ತು, ಮನುಷ್ಯರದಕ್ಕೆ ಫ್ರೀಜರಿನಲ್ಲಿ ಗಡ್ಡೆಕಟ್ಟಿದ್ದ ಬಟಾಣಿ ಪೊಟ್ಟಣ ಇಟ್ಟೆ. ಕ್ಯಾಲ್ವಿನ್ ನನ್ನ ಏಪ್ರನ್ ಜೇಬಿನಿಂದ ಕನ್ನಡಕ ಕಸಿದುಕೊಂಡು, ತನ್ನ ಅಂಗಿಯಲ್ಲಿ ಒರೆಸಿ, ಅವಳ ಕಿವಿಗೆ ಮೆತ್ತಗೆ ಸಿಕ್ಕಿಸಿದ. "ಈಗ ಕಾಣ್ತಿದೆಯಾ ಇಂಗಾ?" ಎಂದ.

ಇಂಗಾ ಅಂತೆ! ಇಷ್ಟು ಬೇಗ ಕೆಲಸ ಮಾಡಿತಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಅತ್ತ ವೆಂಡೆಲ್ ಹುಡುಗಿಯ ಅಪ್ಪನಿಗೆ ಫೋನು ಮಾಡುತ್ತಿದ್ದ. ಗಾಬರಿಯಲ್ಲಿದ್ದ, ಪಾಪ.

"ಗಸ್, ಹೇಗೆ ಹೇಳಲಿ ಗೊತ್ತಾಗ್ತಿಲ್ಲ. ನಿನ್ನ ಮಗಳು ನಮ್ಮನೇಲಿ ಕಾಲು ಜಾರಿದಾಳೆ."

ಆ ಕಡೆಯಿಂದ ಗಸ್ ಏನೋ ಕೇಳಿರಬೇಕು. "ಛೆ ಛೆ, ಕ್ಯಾಲ್ವಿನ್ ಅಲ್ಲ, ನನ್ನ ಮೇಲೇ ಬಿದ್ದಿದ್ದು," ಎಂದ ವೆಂಡೆಲ್.

ಗಸ್ ಟ್ರ್ಯಾಕ್ಟರ್ ರಿಪೇರಿ ಮಾಡುವ ಮನುಷ್ಯ, ಬಾಗಿಲಿನಷ್ಟೇ ಅಗಲ. ಅವನು ಗೇಟಿನಿಂದ ಬರಲಿಲ್ಲ. ಬೇಲಿ ಹಾರಿ ನನ್ನ ಗುಲಾಬಿಗಳ ಮೇಲೆ ನಡೆದುಕೊಂಡು ಬಂದ, ಕೈಯಲ್ಲಿ ಒಂದು ಸ್ಪ್ಯಾನರು. ಅಡುಗೆಮನೆಯಲ್ಲಿ ಬಟಾಣಿ ಪೊಟ್ಟಣದಡಿ ಇದ್ದ ಕಾಲನ್ನು ಕಣ್ಣಾರೆ ನೋಡಿದ ಮೇಲೆ ಸ್ಪ್ಯಾನರು ಕೆಳಗಿಟ್ಟು ಕುರ್ಚಿಯಲ್ಲಿ ಕೂತ.

"ಎರಡು ವಾರ ಕಾಲೂರೋ ಹಾಗಿಲ್ಲ ಅನ್ಸುತ್ತೆ," ಎಂದ. "ಪ್ರಾಮ್ ಗತಿ ಏನಪ್ಪ ಕ್ಯಾಲ್ವಿನ್? ಇಷ್ಟು ದಿನದಿಂದ ಕಾಯ್ತಿದ್ರಿ."

ನಾನು ಒಬ್ಬೊಬ್ಬರ ಮುಖವನ್ನೇ ನೋಡಿದೆ. ಆಮೇಲೆ ಒಂದೊಂದಾಗಿ ಹೊರಬಿತ್ತು. ಹಿಮ ಬೀಳುವ ಕಾಲದಿಂದಲೂ ಇವರಿಬ್ಬರೂ ಜೋಡಿಯಂತೆ. ಗಸ್‌ಗೆ ಗೊತ್ತು. ಬ್ಯಾಂಡಿನವರಿಗೆಲ್ಲ ಗೊತ್ತು. ವೆಂಡೆಲ್‌ಗೂ ಗೊತ್ತು! ಬಾಯಿ ತೆರೆದು ಮುಚ್ಚಿದ್ದ ಕಲೆಯ ಮರ್ಮ ನನಗೆ ಆಗ ತಿಳಿಯಿತು.

"ನನಗ್ಯಾಕೆ ಹೇಳ್ಲಿಲ್ಲ?" ಎಂದೆ.

ಕ್ಯಾಲ್ವಿನ್ ನೆಲ ನೋಡಿದ. "ಹೇಳಿದ್ರೆ ನೀನು ಸಿನಿಮಾ ಮಾಡ್ತೀಯ ಅಂತ ಅಮ್ಮ."

ಅವನು ಒರಟಾಗಿ ಹೇಳಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. ಮೆತ್ತಗೆ ಹೇಳಿದ. ಏಪ್ರನ್ನಿನಲ್ಲಿ ಮುಖ ಒರೆಸಿಕೊಳ್ಳುತ್ತ ಮಹಡಿಗೆ ಹೋದೆ. ಅವರ ಸಂಜೆಯನ್ನು ಚೆಂದ ಮಾಡಲು ಹೋಗಿ, ಇದ್ದ ಸಂಜೆಯನ್ನೇ ಮೆಟ್ಟಿಲಿಂದ ಉರುಳಿಸಿದ್ದೆ.

ಮರುದಿನ ಚೆರ್ರಿ ಪೈ ಮಾಡಿಕೊಂಡು ಕ್ಷಮೆ ಕೇಳಲು ಹಾಲ್ವರ್ಸನ್ನರ ಮನೆಗೆ ಹೋದೆ. ಇಂಗ್ರಿಡ್ ಕಾಲಿಗೆ ಆಸ್ಪತ್ರೆಯ ಗಟ್ಟಿ ಬೂಟು ಹಾಕಿಸಿಕೊಂಡು ಸೋಫಾದ ಮೇಲೆ ಅದನ್ನು ಉದ್ದಕ್ಕೆ ಚಾಚಿ ಕೂತಿದ್ದಳು. ನೃತ್ಯ ತನಗೆ ಮೊದಲಿಂದಲೂ ಬರುವುದಿಲ್ಲ, ಆದರೆ ಪ್ರಾಮ್‌ಗೆಂದು ಶಾಲೆಯ ಜಿಮ್ ಹಾಲ್‌ನ ಗೋಡೆಗಳಿಗೆಲ್ಲ ಸಮುದ್ರದ ಚಿತ್ರ ಬರೆದಿದ್ದೇನೆ, ದೀಪ ಹಚ್ಚಿದಾಗ ಅದು ಹೇಗೆ ಕಾಣುತ್ತದೆಂದು ನೋಡುವ ಆಸೆ ಎಂದಳು. ನಾನು ತಡೆಯಲಾರದೆ ಕೇಳಿಯೇಬಿಟ್ಟೆ: ಕ್ಯಾಲ್ವಿನ್ ನಿನ್ನನ್ನು ಪ್ರಾಮ್‌ಗೆ ಹೇಗೆ ಕರೆದ? ಮಳೆ ಇತ್ತಾ? ಟ್ರೊಂಬೋನ್ ನುಡಿಸಿದನಾ?

"ಬಸ್ಸಲ್ಲಿ ಕೇಳಿದ. 'ಹೋಗೋಣ್ವಾ' ಅಂದ. 'ಹೂಂ' ಅಂದೆ."

"ಅಷ್ಟೇನಾ?"

"ಅಷ್ಟೇ. ಆಮೇಲೆ ಅವನು ನಮ್ಮ ಸ್ಟಾಪಲ್ಲಿ ಇಳಿಯೋದು ಮರೆತ. ಡಿಪೋ ತನಕ ಹೋಗಿ ನಡ್ಕೊಂಡು ಬಂದ," ಎಂದು ನಕ್ಕಳು.

ಇಷ್ಟು ವರ್ಷ ನೋಡಿದ ಸಿನಿಮಾಗಳಲ್ಲಿ ಒಬ್ಬ ನಾಯಕನೂ ಸ್ಟಾಪು ಮರೆತಿರಲಿಲ್ಲ. ನನಗೆ ಒಂದು ಥರಾ ಆಯಿತು. ಇವರನ್ನು ಪ್ರಾಮ್‌ಗೆ ತಲುಪಿಸುವ ಹೊಣೆ ನನ್ನದು ಎಂದೆ.

ತಲುಪಿಸುವುದು ಸುಲಭವಾಗಿರಲಿಲ್ಲ. ಗಸ್‌ನ ಟ್ರಕ್ಕು ಹತ್ತಲಾಗದಷ್ಟು ಎತ್ತರ, ನಮ್ಮ ಕಾರಿನಲ್ಲಿ ಕಾಲು ಚಾಚಲು ಜಾಗವಿಲ್ಲ. ಉಳಿದದ್ದು ಕ್ಲಿನಿಕ್ಕಿನ ವ್ಯಾನು. ದೊಡ್ಡ ನಾಯಿಗಳನ್ನು ಹತ್ತಿಸಲು ಅದರ ಹಿಂದೆ ಇಳಿಜಾರು ಹಲಗೆ ಇದೆ. ವ್ಯಾನಿನ ಎರಡೂ ಪಕ್ಕ ಹಲ್ಲು ಕಿರಿದ ನಾಯಿಯ ಮುಖ, ಅದರ ಕೆಳಗೆ ಮಾರುದ್ದ ಅಕ್ಷರ: 'ಹುಚ್ಚುನಾಯಿ ಕಚ್ಚಿದೆಯೇ? ತಡಮಾಡಬೇಡಿ.' ಕ್ಯಾಲ್ವಿನ್ ಅದನ್ನು ಓದಿ ನಿಟ್ಟುಸಿರು ಬಿಟ್ಟ. ಒಂದೇ ಒಂದು ಷರತ್ತು ಹಾಕಿದ: ಶಾಲೆಯ ಹತ್ತಿರ ನಾನು ವ್ಯಾನಿನಿಂದ ಇಳಿಯಕೂಡದು. ಮಾತು ಕೊಟ್ಟೆ.

ಶನಿವಾರ ಸಂಜೆ ಇಂಗ್ರಿಡ್ ಹೊಸ ಡಂಗರಿ ಹಾಕಿಕೊಂಡು ಬಂದಳು. ಅದರ ತುಂಬ ಅವಳೇ ಬರೆದ ಬೆಳ್ಳಿ ಮೀನುಗಳು. ಕನ್ನಡಕ ಮೂಗಿನ ಮೇಲೇ ಇತ್ತು. ಊರುಗೋಲು ಊರಿಕೊಂಡು ಶಾಲೆಯ ಬಾಗಿಲು ದಾಟುವಾಗ ಕ್ಯಾಲ್ವಿನ್ ಅವಳ ಕಿವಿಯಲ್ಲಿ ಏನೋ ಹೇಳಿದ, ಇಬ್ಬರೂ ನಕ್ಕರು. ಅವನು ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಕೇಳಿಸದಿದ್ದರೂ ಪರವಾಗಿಲ್ಲ ಎಂದು ಮೊದಲ ಸಲ ಅನ್ನಿಸಿತು.

ಜೊತೆಗೆ ಬಂದಿದ್ದ ವೆಂಡೆಲ್ ಎಲ್ಲಿಂದಲೋ ಕ್ರೀಮು ಮೇಲೇರಿಸಿದ ಮಿಲ್ಕ್‌ಶೇಕ್ ತಂದುಕೊಟ್ಟ. ಜಿಮ್ ಹಾಲ್‌ನ ಹೊರಗೆ ಗಾಡಿ ನಿಲ್ಲಿಸಿಕೊಂಡು, ತುಟಿಗೆಲ್ಲ ಕ್ರೀಮು ಮೆತ್ತಿಕೊಂಡು ಕುಡಿದೆವು. ಇನ್ನೂ ಬೆಳಕಿತ್ತು. ಗೋಡೆಯಾಚೆಯಿಂದ ನಿಧಾನದ ಹಾಡೊಂದು ಶುರುವಾಯಿತು. ವೆಂಡೆಲ್ ಬಂದು ನನ್ನ ಕಡೆಯ ಬಾಗಿಲು ತೆರೆದ.

"ಇಳಿ ಡೋರೀನ್. ಡ್ಯಾನ್ಸ್ ಮಾಡೋಣ."

"ಇಳಿಯಲ್ಲ ಅಂತ ಮಾತು ಕೊಟ್ಟಿದೀನಿ."

"ಕೊಟ್ಟಿದ್ದು ನೀನು. ಎಳೆಯೋನು ನಾನು."

ನಾಚಿಕೆಯಿಂದ ಸೀಟು ಹಿಡಿದುಕೊಂಡೆ. ಅವನು ಸೊಂಟ ಹಿಡಿದು ಎಳೆದ. ಡಾಂಬರಿನ ಮೇಲೆ ತಿರುಗಿದೆವು. ಕೂದಲು ಬಿಚ್ಚಿಹೋಯಿತು, ತಲೆ ಹಿಂದಕ್ಕೆ ವಾಲಿಸಿ ನಕ್ಕೆ. ಅವನು ನನ್ನನ್ನು ತೋಳಿನ ಮೇಲೆ ಬಾಗಿಸಲು ಹೋಗಿ ಬೆನ್ನು ಹಿಡಿದುಕೊಂಡು ಅಯ್ಯೋ ಎಂದ, ನಾನು ಅವನ ಕಾಲರಿಗೆ ಜೋತುಬಿದ್ದೆ. ಇಬ್ಬರೂ ಓಲಾಡಿಕೊಂಡು ವ್ಯಾನಿನೊಳಕ್ಕೇ ಉರುಳಿದೆವು. ಜಿಮ್ ಹಾಲ್‌ನ ಕಿಟಕಿಗಳಲ್ಲಿ ಫೋನು ಹಿಡಿದ ಕೈಗಳು ಸಾಲಾಗಿದ್ದದ್ದು ಆಗಷ್ಟೇ ಕಾಣಿಸಿತು.

ವಿಡಿಯೋ ಭಾನುವಾರ ಊರೆಲ್ಲ ತಿರುಗಿತು. ಕಿಟಕಿಯೊಳಗಿಂದ ತೆಗೆದದ್ದು, ಯಾರೋ ಸದ್ದು ತೆಗೆದು ಹಂಚಿದ್ದರಿಂದ ಹಾಡು ಕೇಳಿಸುವುದಿಲ್ಲ. ಕ್ಯಾಲ್ವಿನ್ ದಿಂಬಿನಡಿ ತಲೆಯಿಟ್ಟು ಮಲಗಿದ. ನಾನು ಮಾತ್ರ ಸೋಮವಾರ ಕೂದಲಿಗೆ ಸುರುಳಿ ಹಾಕಿಕೊಂಡು ಕ್ಲಿನಿಕ್ಕಿಗೆ ಹೋದೆ. ಜೀವನದಲ್ಲಿ ಒಮ್ಮೆಯಾದರೂ ನಾಯಕಿಯಾದೆನಲ್ಲ.

ಮೊದಲು ಬಂದವರು ಬೆಕ್ಕಿನ ಬುಟ್ಟಿ ಹಿಡಿದ ವೃದ್ಧೆ ಮಿಸೆಸ್ ಪ್ರೂಯಿಟ್. ನನ್ನನ್ನು ನೋಡಿ ಹಾಗೇ ನಿಂತರು.

"ವಿಡಿಯೋದಲ್ಲಿದ್ದೋಳು ನೀನೇ ಅಲ್ವೇನಮ್ಮ?"

ನಾನೇ ಎಂದು ವಿನಯದಿಂದ ತಲೆ ತಗ್ಗಿಸಿದೆ.

"ಪಾಪ, ಈಗ ಹೇಗಿದೀಯ? ಬಾಯಲ್ಲೆಲ್ಲ ನೊರೆ. ನಿನ್ನನ್ನ ಆ ವ್ಯಾನಿಗೆ ಹತ್ತಿಸೋಕೆ ಆ ಮನುಷ್ಯ ಎಷ್ಟು ಒದ್ದಾಡಿದ," ಎನ್ನುತ್ತ ಬೆಕ್ಕಿನ ಬುಟ್ಟಿಯನ್ನು ನನ್ನ ಮೇಜಿನಿಂದ ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು.