ನನ್ನ ಓರಗಿತ್ತಿಯ ಗಿರಾಕಿಗಳು

ನನ್ನ ಓರಗಿತ್ತಿಯನ್ನು ಸ್ವರ್ಗಕ್ಕೆ ಕಳಿಸಿದರೆ ಅವಳು ಮೊದಲು ಕಲ್ಪವೃಕ್ಷದ ಕೆಳಗೆ ನಿಂತು, "ಇದರ ಹಣ್ಣು ಯಾರು ತೆಗೆದುಕೊಳ್ತಾರೆ? ಕೇಳಿದ್ದೀರಾ ಯಾರನ್ನಾದರೂ?" ಎಂದು ದೇವರನ್ನೇ ವಿಚಾರಿಸುತ್ತಾಳೆ. ಇದು ಹೊಟ್ಟೆಕಿಚ್ಚಿನ ಮಾತೆಂದು ನಿಮಗೆ ಅನ್ನಿಸಿದರೆ, ಹೌದು, ಹೊಟ್ಟೆಕಿಚ್ಚಿನದೇ. ಮುಚ್ಚಿಡುವುದೇನು?

ಅವಳು ನನ್ನ ಮೈದುನನ ಹೆಂಡತಿ. ಉಡುಪಿ ಕಡೆಯ ನಾವಿಬ್ಬರೂ ದೋಹಾದ ಅಲ್ ಅಜೀಜಿಯಾದಲ್ಲಿ ಒಂದೇ ವಿಲ್ಲಾದಲ್ಲಿ ಸಂಸಾರ ಹೂಡಿದ್ದೆವು. ಮೇಲೆ ನಾನು, ಕೆಳಗೆ ಅವಳು. ನಾನು ಎಂ.ಎಸ್ಸಿ., ಅದೂ ರ‍್ಯಾಂಕ್. ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಕೆಲಸ. ಅವಳು ಬಿ.ಕಾಂ., ಅದೂ ಎರಡನೇ ಯತ್ನದಲ್ಲಿ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೂಲಿಕಾರರಿಗೆ ಊಟದ ಡಬ್ಬಿ ಕಳಿಸುವ ಕಂಪೆನಿಯೊಂದರ ಖರೀದಿ ವಿಭಾಗದಲ್ಲಿದ್ದಳು. ಅಕ್ಕಿ, ಬೇಳೆ, ಈರುಳ್ಳಿ ಕೊಳ್ಳುತ್ತ ಕೊಳ್ಳುತ್ತ ಅವಳಿಗೊಂದು ಚಟ ಅಂಟಿತ್ತು: ಕಂಡದ್ದನ್ನೆಲ್ಲ ಯಾರು ಕೊಳ್ಳುತ್ತಾರೆ, ಯಾಕೆ ಕೊಳ್ಳುತ್ತಾರೆ ಎಂದು ಕೇಳುವುದು. ಬಸುರಿಯಾಗಿ ಸ್ಕ್ಯಾನಿಂಗ್‌ಗೆ ಮಲಗಿದ್ದಾಗ ಡಾಕ್ಟರಮ್ಮ ಪರದೆ ತೋರಿಸಿ, "ನೋಡಿ, ಮಗುವಿನ ಹೃದಯ ಬಡಿಯುತ್ತಿದೆ" ಎಂದರೆ ಇವಳು, "ಹೌದು ಹೌದು. ಈ ಜೆಲ್ಲಿ ಎಲ್ಲಿಂದ ತರಿಸ್ತೀರಿ? ಸ್ವಲ್ಪ ನೀರು ನೀರು ಉಂಟಲ್ಲ?" ಅಂದಳು! ಪಕ್ಕದಲ್ಲಿದ್ದ ನಾನು ನಾಚಿಕೆಯಿಂದ ಗೋಡೆಯ ಕಡೆ ತಿರುಗಿದೆ. ಡಾಕ್ಟರಮ್ಮ ಮುಂದಿನ ತಿಂಗಳು ಜೆಲ್ಲಿ ಬದಲಾಯಿಸಿದ್ದರು!

ಏಷ್ಯನ್ ಗೇಮ್ಸ್‌ಗೆಂದು ದೋಹಾವನ್ನೆಲ್ಲ ಅಗೆದು ಹಾಕಿದ್ದ ವರ್ಷ ನಮ್ಮ ಈಜಿಪ್ಟಿನ ಪ್ರೊಫೆಸರರಿಗೆ ಹೊಸ ಹುಮ್ಮಸ್ಸು ಬಂತು. ಲ್ಯಾಬಿನಲ್ಲಿ ಹುಟ್ಟಿದ ಸಂಶೋಧನೆ ಲ್ಯಾಬಿನಲ್ಲೇ ಸಾಯಬಾರದು, ವಿದ್ಯಾರ್ಥಿಗಳ ತಂಡಗಳು ಅದಕ್ಕೊಂದು ಮಾರುಕಟ್ಟೆ ಹುಡುಕಬೇಕು, ತಂಡಕ್ಕೊಬ್ಬರು ಮಾರ್ಗದರ್ಶಿ, ಕೊನೆಗೆ ಸ್ಪರ್ಧೆ, ಬಹುಮಾನ. ನಮ್ಮ ಲ್ಯಾಬಿನ ಸಂಶೋಧನೆ ಒಂದು ಬಣ್ಣ. ಹೆಚ್ಚು ಹೊತ್ತು ಸೆಕೆಯಲ್ಲಿದ್ದರೆ ಅದು ನೀಲಿಯಿಂದ ಕೆಂಪಾಗುತ್ತದೆ. ಸೂತ್ರ ಪ್ರೊಫೆಸರರದು, ನಾಲ್ಕು ವರ್ಷ ಅದನ್ನು ಕಲಸಿ, ಕಾಯಿಸಿ, ಸೀಸೆ ತೊಳೆದವಳು ನಾನು. ಹಾಗಾಗಿ ನಾಲ್ಕು ಹುಡುಗಿಯರ ಒಂದು ತಂಡ ನನಗೆ ಸಿಕ್ಕಿತು. ಇನ್ನೊಂದು ತಂಡಕ್ಕೆ ಮಾರುಕಟ್ಟೆ ಗೊತ್ತಿರುವವರು ಬೇಕೆಂದಾಗ ಓರಗಿತ್ತಿಯ ಹೆಸರು ಹೇಳಿದವಳೂ ನಾನೇ! ಯಾಕೆ? ಅವಳು ಪಕ್ಕದಲ್ಲಿ ನಿಂತರೆ ನಾನು ಇನ್ನಷ್ಟು ಎತ್ತರ ಕಾಣುತ್ತೇನೆಂದು. ದೇವರು ಇಂಥದ್ದನ್ನೆಲ್ಲ ಗಮನಿಸುತ್ತಾನೆ ನೋಡಿ.

ನಾನು ನಲವತ್ತು ಸ್ಲೈಡು ಮಾಡಿದೆ. ಬಣ್ಣ ಬದಲಿಸುವ ಅತ್ತರಿನ ಬಾಟಲಿ ಎಂಬುದು ನನ್ನ ಐಡಿಯಾ. ಅವಳು ಬಂದವಳೇ ಕಪ್ಪು ಅಬಾಯ ತೊಟ್ಟ ತನ್ನ ನಾಲ್ವರು ಹುಡುಗಿಯರನ್ನು ಎದುರು ಕೂರಿಸಿಕೊಂಡು, ತನ್ನ ಉಡುಪಿ ಇಂಗ್ಲಿಷಿನಲ್ಲಿ, "ಕಂಪ್ಯೂಟರ್ ಮುಚ್ಚಿ. ಹತ್ತು ಜನರ ದೂರು ಕೇಳಿಕೊಂಡು ಬನ್ನಿ. ಸೆಕೆಗೆ ಯಾರದ್ದು ಎಂತ ಹಾಳಾಗ್ತದೆ, ಅಷ್ಟೇ. ಯಲ್ಲಾ, ಹೊರಡಿ!" ಎಂದಳು.

ಮುಂದಿನ ವಾರ ಅವರು ದೂರುಗಳ ಮೂಟೆಯನ್ನೇ ಹೊತ್ತು ತಂದರು. ಒಬ್ಬಳ ಚಿಕ್ಕಮ್ಮನ ಲಿಪ್‌ಸ್ಟಿಕ್ ಕಾರಿನಲ್ಲಿ ಕರಗಿತ್ತು. ಇನ್ನೊಬ್ಬಳ ಅಜ್ಜನ ಔಷಧಿ ಕೆಟ್ಟಿತ್ತು. ಎಲ್ಲವನ್ನೂ ಗಂಭೀರವಾಗಿ ಬರೆದುಕೊಂಡ ಇವಳು, "ಇನ್ನು ನನ್ನ ದೂರು ನೋಡ್ಲಿಕ್ಕೆ ಬನ್ನಿ" ಎಂದು ಅವರನ್ನು ತನ್ನ ಕಂಪೆನಿಯ ಅಡುಗೆಮನೆಗೆ ಕರೆದೊಯ್ದಳು. ಇಂಡಸ್ಟ್ರಿಯಲ್ ಏರಿಯಾ ತಮ್ಮ ಊರಿನಲ್ಲೇ ಇದೆಯೆಂದು ಆ ಹುಡುಗಿಯರಿಗೆ ಗೊತ್ತಾದದ್ದೇ ಅವತ್ತು! ಬೆಳಿಗ್ಗೆ ತುಂಬಿದ ಡಬ್ಬಿಗಳು ಮೊದಲು ಲಾರಿಯಲ್ಲಿ, ಆಮೇಲೆ ಸೈಟಿನ ಬಿಸಿಲಲ್ಲಿ ಕಾಯುತ್ತವೆ. ಮಧ್ಯಾಹ್ನದ ಹೊತ್ತಿಗೆ ಕೆಲವು ಹಳಸಿರುತ್ತವೆ. ಹಸಿದವನು ಮೂಸಿ ನೋಡುತ್ತಾನೆಯೇ? ತಿನ್ನುತ್ತಾನೆ, ಹೊಟ್ಟೆ ಕೆಟ್ಟು ಮಲಗುತ್ತಾನೆ. ಮಲಗಿದ ದಿನದ ಸಂಬಳ ಖಲಾಸ್.

"ಮಿಸ್," ಎಂದಳಂತೆ ಒಬ್ಬ ಹುಡುಗಿ, "ಮುಚ್ಚಳಕ್ಕೆ ನಮ್ಮ ಬಣ್ಣದ ಚೀಟಿ ಅಂಟಿಸಿದರೆ?" ಇವಳು ಅವಳ ಕೈಗೊಂದು ಮುಚ್ಚಳ ಕೊಟ್ಟಳಂತೆ.

ಮರುವಾರ ನನ್ನ ತಂಡದ ಇಬ್ಬರು, "ಆ ತಂಡಕ್ಕೆ ಹೋಗಬಹುದಾ ಮಿಸ್?" ಎಂದು ಕೇಳಿದರು. ಅದರ ಮರುವಾರ ಉಳಿದಿಬ್ಬರು ಕೇಳಲೂ ಇಲ್ಲ. ಕೊನೆಗೆ ನನ್ನ ತಂಡದಲ್ಲಿ ಉಳಿದದ್ದು ನಾನು ಮತ್ತು ನಲವತ್ತು ಸ್ಲೈಡು!

ನನಗೆ ಹೇಗಾಗಿರಬೇಡ? ಬಣ್ಣ ಕಲಸಿದವಳು ನಾನು, ಲ್ಯಾಬು ನನ್ನದು, ಹುಡುಗಿಯರು ಮಾತ್ರ ನನ್ನನ್ನೇ ತಡೆದು ನಿಲ್ಲಿಸಿ, "ಮಿಸ್ ಬಂದರಾ?" ಎಂದು ಕೇಳುತ್ತಾರೆ! ಗಂಡನ ಮುಂದೆ ಅತ್ತುಬಿಟ್ಟೆ. "ನಿನ್ನ ಎಂ.ಎಸ್ಸಿ.ಯನ್ನು ಯಾರು ಕೊಳ್ತಾರೆ, ಕೇಳಿದ್ದೀಯಾ?" ಎಂದು ಅವರು ನಕ್ಕರು. ಅವರ ಜೊತೆ ಎರಡು ದಿನ ಮಾತು ಬಿಟ್ಟೆ.

ಸ್ಪರ್ಧೆಯ ದಿನ ಹುಡುಗಿಯರು ಮುಚ್ಚಳ ತೋರಿಸಿ ಚೆನ್ನಾಗಿಯೇ ಮಾತಾಡಿದರು. ಸೂಟು ತೊಟ್ಟ ತೀರ್ಪುಗಾರರೊಬ್ಬರು, "ಕೂಲಿಕಾರರ ಹತ್ತಿರ ದುಡ್ಡೆಲ್ಲಿದೆ? ಇದನ್ನು ಕೊಳ್ಳುವವರು ಯಾರು?" ಎಂದರು. ಓರಗಿತ್ತಿ ಹಿಂದಿನ ಸಾಲಿನಿಂದ, "ಡಬ್ಬಿ ಕೊಳ್ಳುವುದು ಅವರ ಕಂಪೆನಿ ಸಾರ್. ಹೊಟ್ಟೆನೋವು ಮಾತ್ರ ಕೂಲಿಯವರದ್ದು" ಎಂದಳು. ಸಭೆ ನಕ್ಕಿತು. ಬಹುಮಾನ ಮಾತ್ರ ಹುಡುಗರ ತಂಡವೊಂದಕ್ಕೆ ಹೋಯಿತು. ಅವರು ಕಂಡುಹಿಡಿದದ್ದು ಬೇಟೆ ಗಿಡುಗಕ್ಕೆ ತಂಪು ಟೋಪಿ!

ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ, ಪೂರಾ ಅರ್ಧ ನಿಮಿಷ ಖುಷಿಯಾಯಿತು. ಆಮೇಲೆ ತಿರುಗಿ ನೋಡಿದೆ. ಅಳುತ್ತಿದ್ದ ಹುಡುಗಿಯೊಬ್ಬಳ ಕೈಯಿಂದ ಮುಚ್ಚಳ ತೆಗೆದುಕೊಂಡು ಅವಳು ಸೆರಗಿನಿಂದ ಒರೆಸುತ್ತಿದ್ದಳು. ಅದರ ಮೇಲೆ ಕೊಳೆಯೇನೂ ಇರಲಿಲ್ಲ. ಆದರೂ ಒರೆಸುತ್ತಲೇ ಇದ್ದಳು.

ನಾನು ಯಾವಾಗ ಎದ್ದು ನಿಂತೆನೋ ಗೊತ್ತಿಲ್ಲ. "ಸಾರ್, ನೀವು ಯಾವತ್ತಾದರೂ ಹಳಸಿದ ಅನ್ನ ಉಂಡಿದ್ದೀರಾ?" ಎಂದು ಕೂಗಿದ ಗಂಟಲು ನನ್ನದೇ.

"ಮೇಡಂ, ನೀವು ಯಾವ ತಂಡದವರು?"

"ಇವಳ ತಂಡ!"

ಅವಳು ನನ್ನ ಕೈ ಹಿಡಿದೆಳೆದಳು. "ಕೂತ್ಕೊಳ್ಳಿ ಅಕ್ಕ. ಇವರು ನಮ್ಮ ಗಿರಾಕಿ ಅಲ್ಲ."

ಮರುದಿನ ಅವಳು ತನ್ನ ಬಾಸ್‌ನ ಕ್ಯಾಬಿನ್ನಿಗೆ ಹೊಕ್ಕವಳು, ಒಂದು ಸೈಟಿನಲ್ಲಿ ಒಂದು ತಿಂಗಳು ಚೀಟಿ ಅಂಟಿಸಿ ನೋಡಲು ಒಪ್ಪಿಗೆ ಸಿಗುವವರೆಗೆ ಹೊರಗೆ ಬರಲಿಲ್ಲ. ಪ್ರೊಫೆಸರರೂ ಹೂಂ ಅಂದರು. ಚೀಟಿ ಮಾಡುವ ಕೆಲಸ ನನ್ನದು. ಬೆಳಿಗ್ಗೆ ಎದ್ದವಳೇ ಲ್ಯಾಬಿಗೆ ಓಡುತ್ತಿದ್ದೆ.

ಮೊದಲ ವಾರದ ಒಂದು ಮಧ್ಯಾಹ್ನ ಇಬ್ಬರೂ ಸೈಟಿಗೆ ಹೋದೆವು. ಮುಚ್ಚಳಗಳೆಲ್ಲ ನೀಲಿ, ಒಂದು ಮಾತ್ರ ಕೆಂಪು. ಅದು ಸಿಕ್ಕಿದ್ದು ಆಂಧ್ರದ ಕಡೆಯ ನಡುವಯಸ್ಸಿನವನೊಬ್ಬನಿಗೆ. ತಪ್ಪು ತನ್ನದೇ ಎಂಬಂತೆ ಅವನು ಡಬ್ಬಿಯನ್ನು ಪಕ್ಕಕ್ಕಿಟ್ಟು ನಮ್ಮ ಮುಖ ನೋಡಿದ. ಇವಳು ಬೇರೆ ಡಬ್ಬಿ ತರಲು ಲಾರಿಯ ಕಡೆ ಓಡಿದಳು. ಲಾರಿ ಖಾಲಿ. ನಾನು ಬ್ಯಾಗಿನಿಂದ ನನ್ನ ಬುತ್ತಿ ತೆಗೆದು ಅವನ ಕೈಗಿಟ್ಟೆ.

ಎರಡು ತುತ್ತು ತಿಂದು ಅವನು ತಲೆಯೆತ್ತಿದ. "ಬಹುತ್ ಅಚ್ಛಾ ಬನಾಯಾ, ದೀದೀ."

ನಾನು ಬನಾಯಿಸಿದ್ದಲ್ಲ. ಲ್ಯಾಬಿನ ಗಡಿಬಿಡಿ ಶುರುವಾದಂದಿನಿಂದ, ಕೇಳದೆ, ಹೇಳದೆ, ಪ್ರತಿ ಬೆಳಿಗ್ಗೆ ಮೆಟ್ಟಿಲ ಮೇಲೆ ನನ್ನ ಬುತ್ತಿ ಕಟ್ಟಿ ಇಡುತ್ತಿದ್ದವಳು ಅವಳು. ಈ ಒಂದು ಹೊಗಳಿಕೆಯನ್ನಾದರೂ ನಾನು ಇಟ್ಟುಕೊಳ್ಳಬಹುದಿತ್ತು. ಅವಳು ಅಷ್ಟು ದೂರದಲ್ಲಿದ್ದಳು. "ನಾನಲ್ಲ, ಅವಳು" ಎಂದು ಬೆರಳು ತೋರಿಸಿದೆ.

ಬಿಸಿಲಿಗೆ ಕೈ ಅಡ್ಡ ಹಿಡಿದು ಅವಳು ಲಾರಿಯ ಹತ್ತಿರದಿಂದಲೇ ಕೂಗಿದಳು: "ಅಕ್ಕಾ, ಮತ್ತೆ ನೀವೆಂತ ಊಟ ಮಾಡ್ತೀರಿ ಈಗ?"